ಎರವಿನ ರತ್ನಗಂಬಳಿ

ಗೋಡೆಯಾಚೆ ಸಖಿದಾದ್ ನಕ್ಕ. ಕನ್ನಡಿಯ ಮುಂದೆ ಗಲ್ಲಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದ ಬರಾತ್ ಅಲಿಯ ಕೈ ಅಷ್ಟಕ್ಕೇ ನಿಂತಿತು. ಬೆಳಿಗ್ಗೆ ಬೆಳಿಗ್ಗೆ ಅಂಥ ನಗುವಂಥದ್ದೇನಿದೆ? ವೀಸಾ ಬಂದಾಗಿನಿಂದ ಈ ಮನುಷ್ಯ ಎಲ್ಲದಕ್ಕೂ ನಗುತ್ತಾನೆ. ಪೆಟ್ಟಿಗೆಗೆ ಬಿಗಿದ ಹಗ್ಗ ಕಿತ್ತುಹೋದರೂ ನಗುತ್ತಾನೆ, ನೀರಿನ ಟ್ಯಾಂಕರ್ ಬಾರದಿದ್ದರೂ ನಗುತ್ತಾನೆ. ಮೊದಲು ಹೀಗಿರಲಿಲ್ಲ. ಇಲ್ಲ, ಮೊದಲೂ ಹೀಗೇ ಇದ್ದ, ಆದರೆ ಆಗ ಆ ನಗು ಕೇಳಿದರೆ ತನಗೂ ನಗು ಬರುತ್ತಿತ್ತು ಎನ್ನುವುದು ನೆನಪಾಗಿ ಬರಾತ್ ಅಲಿಗೆ ಇನ್ನಷ್ಟು ಸಿಟ್ಟು ಬಂತು. ಒಂದೇ ಮನೆಯನ್ನು ನಡುವೆ ಒಂದಿಟ್ಟಿಗೆಯ ಗೋಡೆ ಎಬ್ಬಿಸಿ ಎರಡು ಮಾಡಿ ಬಾಡಿಗೆಗೆ ಕೊಟ್ಟ ಮಾಲೀಕನನ್ನು ಮನಸ್ಸಿನಲ್ಲೇ ಬೈದ. ಈ ಕ್ವೆಟ್ಟಾದಲ್ಲಿ, ಹಜಾರಾ ಟೌನಿನ ಈ ಗಲ್ಲಿಯಲ್ಲಿ, ಪಕ್ಕದ ಮನೆಯವನ ಆಕಳಿಕೆಯೂ ಕೇಳುತ್ತದೆ. ಅಷ್ಟರಲ್ಲಿ ಹೊಗೆಯ ವಾಸನೆ ಬಂತು. ಸಖಿದಾದನ ಹೆಂಡತಿ ಸಕೀನಾ ಈಚೆಗೆ ದಿನಾ ಬೆಳಿಗ್ಗೆ ಇಸ್ಪಂದದ ಬೀಜವನ್ನು ಕೆಂಡಕ್ಕೆ ಹಾಕಿ ಮಕ್ಕಳ ತಲೆಯ ಸುತ್ತ ನಿವಾಳಿಸುತ್ತಾಳೆ, ಕೆಟ್ಟ ಕಣ್ಣು ಸುಟ್ಟುಹೋಗಲಿ ಎಂದು. ಯಾರ ಕಣ್ಣು? ಅವರ ಮನೆಗೆ ಅಂಟಿಕೊಂಡಿರುವ ಮನೆ ಇದೊಂದೇ. ಬರಾತ್ ಅಲಿ ಕೆಮ್ಮಿದ. ಕೆಮ್ಮು ಗೋಡೆಯಾಚೆ ಕೇಳಿಸಿತೇನೋ ಎಂದು ಬಾಯಿಗೆ ಕೈ ಅಡ್ಡ ಹಿಡಿದ. ಅಂಗೈಗೆಲ್ಲ ಸೋಪಾಯಿತು.

"ನಿಲಾಬ್ ಅಪ್ಪಾ, ಮುಖದ ಮೇಲೆ ಸೋಪು ಒಣಗ್ತಾ ಇದೆ. ಅವರು ಕಾಯ್ತಿರ್ತಾರೆ," ಎಂದಳು ಹೆಂಡತಿ ಗುಲ್‌ಸುಮ್.

"ಕಾಯ್ಲಿ. ನನ್ನ ನಾಲಿಗೆ ಇಲ್ದೆ ಅವನಿಗೆ ಕೆನಡಾದಲ್ಲಿ ಒಂದು ಲೋಟ ನೀರೂ ಹುಟ್ಟಲ್ಲ."

"ಶುಕ್ರವಾರ ಹೊರಟೇ ಹೋಗ್ತಾರೆ. ಆಮೇಲೆ ಆ ನಾಲಿಗೆ ಏನ್ಮಾಡ್ತೀರಿ? ಉಪ್ಪಿನಕಾಯಿ ಹಾಕ್ತೀರಾ?"

ಅವಳು ನಗುತ್ತಲೇ ಹೇಳಿದಳು, ಆದರೆ ಶುಕ್ರವಾರ ಎನ್ನುವಾಗ ಅವಳ ದನಿ ಸ್ವಲ್ಪ ಇಳಿಯಿತು. ದಾರಿಗೆ ಬೋಸ್ರಾಗ್ ಎಂಬ ಸಿಹಿತಿಂಡಿ ಕರಿಯುವುದಕ್ಕೆ ಸಕೀನಾ ಅವಳನ್ನೂ ಕರೆದಿದ್ದಳು. ಬೇರೆಯವರ ಪ್ರಯಾಣದ ಬುತ್ತಿಗೆ ಹಿಟ್ಟು ನಾದಲು ತನ್ನ ಹೆಂಡತಿ, ಮಾತು ನಾದಲು ತಾನು. ಚೆನ್ನಾಗಿದೆ. ರೇಜರು ಗಲ್ಲಕ್ಕೆ ತಾಗಿ ಒಂದು ಕಡೆ ರಕ್ತ ಒಸರಿತು. ಅವನು ಅದಕ್ಕೂ ಸಖಿದಾದನನ್ನೇ ದೂರಿದ.

ಲೊರೇನ್ ಎಂಬ ಹೆಂಗಸು ಮತ್ತು ಅವಳ ನಾಲ್ವರು ಸ್ನೇಹಿತರು. ಕೆನಡಾದ ಯಾವುದೋ ಸಣ್ಣ ಊರಿನವರು. ಐವರೂ ಕೂಡಿ ತಮ್ಮದೇ ಖರ್ಚಿನಲ್ಲಿ, ತಮ್ಮದೇ ಜವಾಬ್ದಾರಿಯಲ್ಲಿ ಅಫ್ಘಾನಿಸ್ತಾನ ಬಿಟ್ಟು ಓಡಿಬಂದ ಒಂದು ಹಜಾರಾ ಜನಾಂಗದ ಸಂಸಾರವನ್ನು ಕರೆಸಿಕೊಳ್ಳುತ್ತೇವೆ ಎಂದು ಮುಂದೆ ಬಂದಿದ್ದರು. ಬರಾತ್ ಅಲಿಯ ಹಳೆಯ ಶಿಷ್ಯನೊಬ್ಬ ಆ ಊರಿನಲ್ಲಿದ್ದ. ಅವನು ಮೊದಲು ಹೇಳಿದ್ದು ತನ್ನ ಮೇಷ್ಟ್ರ ಹೆಸರನ್ನೇ. ಎರಡು ಸಂಸಾರಗಳ ಜೊತೆ ಮಾತಾಡಿ ಒಂದನ್ನು ಆರಿಸುತ್ತೇವೆ, ನಿಮಗೆ ಗೊತ್ತಿರುವ ಇನ್ನೊಂದು ಸಂಸಾರ ಇದ್ದರೆ ಹೇಳಿ ಎಂದು ಲೊರೇನ್ ಕೇಳಿದಾಗ ಬರಾತ್ ಅಲಿ ಹೇಳಿದ್ದು ಪಕ್ಕದ ಮನೆಯ ಸಖಿದಾದನ ಹೆಸರು. ಗಲ್ಲಿಯವರೆಲ್ಲ ಇವತ್ತಿಗೂ ಅದನ್ನೇ ಆಡಿಕೊಳ್ಳುತ್ತಾರೆ, ಎಂಥ ದೊಡ್ಡ ಮನಸ್ಸು ಮೇಷ್ಟ್ರದು ಎಂದು. ದೊಡ್ಡ ಮನಸ್ಸು! ಇಂಗ್ಲಿಷ್ ಇರಲಿ, ತನ್ನ ಹೆಸರನ್ನೇ ಬರೆಯಲು ಬಾರದ, ತಳ್ಳುಗಾಡಿಯಲ್ಲಿ ಬೇಯಿಸಿದ ಕಡಲೆಗೆ ಹುಳಿ ಚಿಮುಕಿಸಿ ಮಾರುವ ಮನುಷ್ಯ. ಅವನ ಪಕ್ಕದಲ್ಲಿ ನಿಂತರೆ ತಾನು ಎತ್ತರ ಕಾಣುತ್ತೇನೆ ಎಂದೇ ಅವನ ಹೆಸರು ಹೇಳಿದ್ದು. ಇದು ಗುಲ್‌ಸುಮ್‌ಗೂ ಗೊತ್ತಿಲ್ಲ. ಇನ್ನೊಂದು ವಿಷಯ ಮಾತ್ರ ಅವಳಿಗೆ ಗೊತ್ತು, ಅದನ್ನು ಅವಳು ಇವತ್ತಿನವರೆಗೂ ಅವನ ಮುಂದೆ ಬಾಯಿಬಿಟ್ಟು ಆಡಿಲ್ಲ.

ಅದು ಕಂಬಳಿಯ ವಿಷಯ. ಆ ದಿನ ಲೊರೇನ್ ಮೊದಲು ಇವರ ಜೊತೆ, ಆಮೇಲೆ ಅವರ ಜೊತೆ ಮಾತಾಡುವವಳಿದ್ದಳು. ಫೋನಿನಲ್ಲಿ ಮುಖ ನೋಡಿ ಮಾತು. ಮುಖ ನೋಡುವುದೆಂದರೆ ಮನೆಗೆ ಬಂದ ಹಾಗೆಯೇ. ಮನೆಗೆ ಬಂದ ನೆಂಟರಿಗೆ ಬರೀ ಸಿಮೆಂಟು ನೆಲ, ಹರಿದ ಪ್ಲಾಸ್ಟಿಕ್ ಚಾಪೆ ತೋರಿಸುವುದುಂಟೇ? ಗಜ್ನಿಯ ಹಳ್ಳಿಯಲ್ಲಿ ಅವನ ಅಪ್ಪ ಸಾಲ ಮಾಡಿಯಾದರೂ ನೆಂಟರ ತಟ್ಟೆಗೆ ಮಾಂಸ ಹಾಕಿಸುತ್ತಿದ್ದ, ಮಕ್ಕಳಿಗೆ ಒಳಗೆ ಮಜ್ಜಿಗೆಗೆ ರೊಟ್ಟಿ. ಬರಾತ್ ಅಲಿಗೆ ಬೇರೆ ರೀತಿ ಗೊತ್ತೇ ಇರಲಿಲ್ಲ. ಸಕೀನಾ ಕೂಲಿಗೆ ರತ್ನಗಂಬಳಿ ನೇಯುತ್ತಾಳೆ, ತನಗೆಂದು ಒಂದನ್ನು ಎತ್ತಿಟ್ಟುಕೊಂಡಿದ್ದಳು, ದಾಳಿಂಬೆ ಬಣ್ಣದ್ದು, ಅಂಚಿಗೆ ನೀಲಿ. ಕೇಳಿದ್ದೇ ತಡ, ಸಖಿದಾದ್ ಅದನ್ನು ಹೆಗಲ ಮೇಲೆ ಹೊತ್ತು ತಂದು ತಾನೇ ಹಾಸಿ, ಸುಕ್ಕು ತೆಗೆದು, ಮೇಲಿಂದ ಚಿನ್ನದಂಚಿನ ಚಹಾ ಬಟ್ಟಲುಗಳನ್ನೂ ಇಟ್ಟು ಹೋದ. ಗುಲ್‌ಸುಮ್ ಬಾದಾಮಿ, ಒಣದ್ರಾಕ್ಷಿ, ಸಕ್ಕರೆ ಮಿಠಾಯಿ ಹರಡಿದಳು. ಬರಾತ್ ಅಲಿ ಕೋಟು ತೊಟ್ಟ. ಮಾತು ಎಷ್ಟು ಚೆನ್ನಾಗಿ ನಡೆಯಿತೆಂದರೆ, ಲೊರೇನ್ ಎರಡು ಸಲ ವಾಹ್ ಎಂದಳು. ಮುಗಿದ ಮೇಲೆ ಗುಲ್‌ಸುಮ್ ಕೇಳಿದ್ದಳು, "ಈಗ ಅವರ ಸರದಿ. ಕಂಬಳಿ ಬಟ್ಟಲು ಕೊಟ್ಟು ಬರ್ಲಾ?" ಅವನು ಕೋಟಿನ ಗುಂಡಿ ಬಿಚ್ಚುತ್ತ, ಅವಳ ಮುಖ ನೋಡದೆ, "ಆಮೇಲೆ ಕೊಟ್ರಾಯ್ತು ಬಿಡು," ಎಂದಿದ್ದ. ಆಮೇಲೆ ಪಕ್ಕದ ಮನೆಗೆ ಹೋಗಿ, ಬರೀ ನೆಲದ ಮೇಲೆ ಸಾಲಾಗಿ ಕೂತ ಸಖಿದಾದ್, ಸಕೀನಾ, ಮೂರು ಮಕ್ಕಳ ಮುಂದೆ ಫೋನ್ ಹಿಡಿದು ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಿದ್ದ. ಗೋಡೆಯ ಬಿರುಕು, ಮಕ್ಕಳ ಬರಿಗಾಲು ಎಲ್ಲವೂ ಚೆನ್ನಾಗಿ ಕಾಣಲಿ ಎಂದು ಫೋನನ್ನು ಸ್ವಲ್ಪ ಹಿಂದಕ್ಕೂ ಸರಿಸಿದ್ದ.

ಲೊರೇನ್ ಸಖಿದಾದನನ್ನು ಆರಿಸಿದಳು. ಬರಾತ್ ಅಲಿಗೆ ಮೃದುವಾಗಿ ತಿಳಿಸಿ ಹೇಳಿದಳು: ನಿಮ್ಮ ಮನೆ ಎಷ್ಟು ಚೆಂದ, ನಿಮಗೆ ಇನ್ನೂ ಸ್ವಲ್ಪ ಕಾಯುವ ಶಕ್ತಿಯಿದೆ ಅನ್ನಿಸಿತು, ಆ ಮಕ್ಕಳಿಗೆ ಕೂರಲು ಒಂದು ಹಾಸೂ ಇರಲಿಲ್ಲ. ಬಯ್ಯೋಣವೆಂದರೆ ಯಾರನ್ನು ಬಯ್ಯುವುದು? ಸಖಿದಾದ್ ಬೇಕೆಂದೇ ಕಂಬಳಿ ಕೊಟ್ಟ, ಕಳ್ಳ, ಎಲ್ಲ ಲೆಕ್ಕ ಹಾಕಿಯೇ ಕೊಟ್ಟ ಎಂದು ಎಷ್ಟೋ ಸಲ ನಂಬಲು ನೋಡಿದ. ನಂಬಿದ ದಿನ ನಿದ್ದೆ ಬರುತ್ತಿತ್ತು. ಆದರೆ ಆಮೇಲೆ ಕೊಟ್ರಾಯ್ತು ಬಿಡು ಎಂಬ ತನ್ನದೇ ದನಿ ಎಲ್ಲಿಂದಲೋ ಕೇಳಿಸಿ ಆ ನಂಬಿಕೆ ಬಿದ್ದುಹೋಗುತ್ತಿತ್ತು. ಕಾಗದ ಇಲ್ಲದವರನ್ನು ಹಿಡಿದು ಲಾರಿಗೆ ತುಂಬಿ ಗಡಿಯಾಚೆ ಬಿಟ್ಟು ಬರುವ ಕಾಲ ಇದು. ಗಡಿಯಾಚೆ, ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸಿದವನೆಂದು ಅವನ ಹೆಸರನ್ನು ಇನ್ನೂ ನೆನಪಿಟ್ಟುಕೊಂಡವರಿದ್ದಾರೆ. ಚೆಕ್‌ಪೋಸ್ಟ್ ದಾಟಿ ಪೇಟೆಗೆ ಹೋಗಿ ಯಾವ ಕಾಲವಾಯಿತೋ. ಎಲ್ಲ ಒಂದು ಕಂಬಳಿಗಾಗಿ.

"ಬನ್ನಿ ಮೇಷ್ಟ್ರೇ, ಬನ್ನಿ! ಲೇ, ನನ್ನ ಬಾಯಿ ಬಂತು, ಚಹಾ ತಗೊಂಡ್ ಬಾ!" ಸಖಿದಾದ್ ಬಾಗಿಲಲ್ಲೇ ಅವನ ಎರಡೂ ಕೈ ಹಿಡಿದುಕೊಂಡ. ಒಳಗೆ ಪೆಟ್ಟಿಗೆಗಳು, ಹಗ್ಗ, ಕಾದ ಎಣ್ಣೆಯ ವಾಸನೆ. ನೆಲದ ಮೇಲೆ ಆ ದಾಳಿಂಬೆ ಬಣ್ಣದ ಕಂಬಳಿ ಹಾಸಿತ್ತು. ಬರಾತ್ ಅಲಿ ಅದನ್ನು ತುಳಿಯದ ಹಾಗೆ ಅಂಚಿನಲ್ಲೇ ನಡೆದ. ಸಕೀನಾ ಕೆಂಡದ ಬಟ್ಟಲು ಹಿಡಿದು ಬಂದು ಅವನ ತಲೆಯ ಸುತ್ತಲೂ ಹೊಗೆ ತಿರುಗಿಸಿದಳು.

"ನಿಮ್ಗೂ ಆಗ್ಲಿ ಅಣ್ಣಾ. ಇಷ್ಟು ಓದಿದೋರು, ನಿಮ್ಮ ಮೇಲೆ ಎಷ್ಟು ಜನರ ಕಣ್ಣಿರತ್ತೋ."

ಅವನು ತಲೆ ಬಗ್ಗಿಸಿ ನಿಂತ. ಕಣ್ಣು ಉರಿಯಿತು. ಇವಳು ಅಣಕಿಸುತ್ತಿದ್ದಾಳೋ, ನಿಜವಾಗಿಯೇ ಹೇಳುತ್ತಿದ್ದಾಳೋ ತಿಳಿಯದೆ ಮುಖ ನೋಡಿದರೆ ಅಲ್ಲಿ ಏನೂ ಇರಲಿಲ್ಲ, ನಿದ್ದೆಗೆಟ್ಟ, ಒಳ್ಳೆಯ ಮುಖ. ಒಳ್ಳೆಯ ಮುಖಗಳನ್ನು ಅವನು ಈಚೆಗೆ ದ್ವೇಷಿಸತೊಡಗಿದ್ದ.

ಫೋನಿನಲ್ಲಿ ಲೊರೇನ್ ಕಂಡಳು. ಅಲ್ಲಿ ಇನ್ನೂ ನಿನ್ನೆಯ ಸಂಜೆ. ಅವಳು ಬಾಡಿಗೆಗೆ ಹಿಡಿದ ಮನೆಯನ್ನು ತೋರಿಸಲೆಂದೇ ಇವತ್ತು ಫೋನ್ ಮಾಡಿದ್ದಳು. ಒಂದೊಂದೇ ದೀಪ ಹಾಕುತ್ತ, ಒಂದೊಂದೇ ಬಾಗಿಲು ತೆಗೆಯುತ್ತ ನಡೆದಳು. ಬರಾತ್ ಅಲಿ ಹೇಳುತ್ತ ಹೋದ: ಇದು ಅಡಿಗೆಮನೆ. ಇದು ಬಿಸಿನೀರಿನ ನಲ್ಲಿ, ಇದು ತಣ್ಣೀರಿನದು. ಇದು ಬಟ್ಟೆ ಒಗೆಯುವ ಯಂತ್ರ, ಇದು ಒಣಗಿಸುವುದು. ಹಳದಿ ಬಣ್ಣದ ಒಂದು ಕೋಣೆ, ಅದರಲ್ಲಿ ಎರಡು ಮಂಚ, ಹೂವಿನ ಚಾದರ. ಇದು ಹೆಣ್ಣುಮಕ್ಕಳಿಗಂತೆ, ಎಂದ. ತಾವು ಹೋಗಿದ್ದರೆ ಮಗಳು ನಿಲಾಬ್ ಈ ಕಿಟಕಿಯ ಕಡೆಯ ಮಂಚಕ್ಕೆ ಹಟ ಮಾಡುತ್ತಿದ್ದಳು. ಆ ಗೋಡೆಗೆ ಅವನು ಪುಸ್ತಕದ ಕಪಾಟು ನಿಲ್ಲಿಸುತ್ತಿದ್ದ. ಗುಲ್‌ಸುಮ್ ಆ ಬಿಸಿನೀರಿಗೆ ಕೈಯೊಡ್ಡಿ ಸುಮ್ಮನೆ ನಿಂತುಬಿಡುತ್ತಿದ್ದಳು, ಅವಳ ಬೆರಳಿನ ಬಿರುಕುಗಳು ಒಂದೇ ಚಳಿಗಾಲದಲ್ಲಿ ಕೂಡಿಕೊಳ್ಳುತ್ತಿದ್ದವು. ಇನ್ನೊಬ್ಬರ ಮನೆಯನ್ನು ಅವನು ಸಾಮಾನು ಸಮೇತ ಕದ್ದು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದ, ಬಾಯಿ ಮಾತ್ರ ಇದು ಕಪಾಟು, ಇದು ಕಸದ ಬುಟ್ಟಿ ಎನ್ನುತ್ತಿತ್ತು.

"ಮೇಷ್ಟ್ರೇ, ಆ ಕಿಟಕಿಯಿಂದ ಗುಡ್ಡ ಕಾಣತ್ತಾ ಕೇಳಿ."

ಅವನು ಕೇಳಿದ. ಆ ಊರಿನಲ್ಲಿ ಗುಡ್ಡವೇ ಇಲ್ಲವಂತೆ, ಎಲ್ಲ ಬಯಲು, ಈಗ ಮೊಣಕಾಲಿನ ತನಕ ಹಿಮ.

"ಗುಡ್ಡ ಇಲ್ವಾ?" ಸಖಿದಾದ್ ಪೆಚ್ಚಾದ. "ಮತ್ತೆ ಬೆಳಿಗ್ಗೆ ಎದ್ದು ತಲೆ ಎತ್ತಿದ್ರೆ ಏನ್ ನೋಡೋದು?"

ನನಗೆ ಕೊಡು, ಎಂದಿತು ಬರಾತ್ ಅಲಿಯ ಒಳಗಿನ ದನಿ. ನನಗೆ ಗುಡ್ಡ ಬೇಡ. ಚಿಲ್ತಾನ್ ಬೆಟ್ಟವನ್ನು ನೀನೇ ಇಟ್ಟುಕೋ, ನನಗೆ ಆ ಕಸದ ಬುಟ್ಟಿ ಸಾಕು. ಸಿಕ್ಕಿದ್ದರಲ್ಲೂ ಹುಳುಕು ಹುಡುಕುವ ಈ ಮನುಷ್ಯನ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು. ಆಗ ಸಖಿದಾದ್ ಕಾಲು ಮಡಿಸಿ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡ. ನಗು ಹೋಗಿತ್ತು. ಅಡಿಗೆ ಮೂಲೆಯಲ್ಲಿ ಎಣ್ಣೆಯ ಸದ್ದು ನಿಂತಿತು. ಸಕೀನಾ ಗುಲ್‌ಸುಮ್‌ಳ ತೋಳು ಹಿಡಿದು ಬಾಗಿಲ ತನಕ ಕರೆತಂದಳು, ಇಬ್ಬರ ಕೈಯೂ ಹಿಟ್ಟು.

"ಮೇಷ್ಟ್ರೇ, ಈಗ ನಾನು ಹೇಳೋದನ್ನ ಹೇಳಿದ ಹಾಗೇ ಹೇಳ್ಬೇಕು. ಒಂದು ಮಾತೂ ಬಿಡ್ಬಾರ್ದು." ಫೋನಿನ ಕಡೆ ತಿರುಗಿದ. ಅಂಗೈಯಿಂದ ಕಂಬಳಿಯನ್ನು ತಟ್ಟಿದ. "ಅಮ್ಮಾ, ಈ ಕಂಬಳಿ ನೋಡಿ. ಗುರ್ತು ಸಿಕ್ತಾ? ಅವತ್ತು ಮೇಷ್ಟ್ರ ಮನೇಲಿ ನೀವು ನೋಡಿದ್ದು ಇದೇನೇ. ಇದು ನಮ್ದು. ಬಟ್ಟಲೂ ನಮ್ದೇ. ಅವರ ಮನೇಲಿ ನೆಲಕ್ಕೆ ಹಾಸೋಕೆ ಏನೂ ಇಲ್ಲ. ಮರ್ಯಾದಸ್ಥರು, ನೆಂಟರ ಮುಂದೆ ಬರೀ ನೆಲ ಇರಬಾರ್ದು ಅಂತ ನಮ್ಮಿಂದ ಇಸ್ಕೊಂಡಿದ್ರು. ನೀವು ನಮ್ಮ ಕಂಬಳಿ ನೋಡಿ ಅವರನ್ನ ಅನುಕೂಲಸ್ಥರು ಅಂದ್ಕೊಂಡ್ರಿ. ಈ ವಿಷಯ ಮೊನ್ನೆ ಗುಲ್‌ಸುಮ್ ಇವಳ ಹತ್ರ ಹೇಳಿದ್ಮೇಲೆ ನಮ್ಮಿಬ್ರಿಗೂ ಅನ್ನ ಇಳೀತಾ ಇಲ್ಲ. ನಮ್ಮನ್ನ ಕರೆಸ್ಕೊಳ್ಳೋ ಹಾಗೆ ಇವರನ್ನೂ ಕರೆಸ್ಕೊಳ್ಳಿ. ನಾನು ಅಲ್ಲಿಗೆ ಬಂದು ದುಡಿದು ಅವರ ಪಾಲಿನ ಖರ್ಚಿಗೆ ಸೇರಿಸ್ತೀನಿ. ಹೇಳಿ ಮೇಷ್ಟ್ರೇ."

ಎಲ್ಲರೂ ಬರಾತ್ ಅಲಿಯ ಬಾಯಿ ನೋಡಿದರು. ಫೋನಿನೊಳಗಿನಿಂದ ಲೊರೇನ್ ಕೂಡ, ಬಿಳಿ ಹುಬ್ಬು ಮೇಲೆತ್ತಿ, ಕಾದಳು. ಇಂಗ್ಲಿಷ್ ವಾಕ್ಯ ಅವನ ನಾಲಿಗೆಯ ಮೇಲೆ ಸಿದ್ಧವಾಗಿತ್ತು, ಅದರಲ್ಲಿ ಕಷ್ಟದ ಒಂದು ಪದವೂ ಇರಲಿಲ್ಲ. ಆ ಕಂಬಳಿ ನನ್ನದಲ್ಲ. ಎರಡನೇ ತರಗತಿಯ ಮಗುವೂ ಹೇಳಬಹುದು. ಹೇಳಿದರೆ ಅವಳು ಏನೆಂದುಕೊಳ್ಳುತ್ತಾಳೆ? ಕೋಟು ತೊಟ್ಟುಕೊಂಡು, ಇನ್ನೊಬ್ಬರ ಬಟ್ಟಲಲ್ಲಿ ಚಹಾ ಕುಡಿಯುತ್ತ, ಅವಳು ವಾಹ್ ಎಂದಾಗ ಮುಗುಳ್ನಕ್ಕವನು. ಆಮೇಲೆ ಅದೇ ಕಂಬಳಿಯನ್ನು ತನ್ನ ಮನೆಯಲ್ಲೇ ಉಳಿಸಿಕೊಂಡು ಇವರನ್ನು ನೆಲದ ಮೇಲೆ ಕೂರಿಸಿ ಫೋನ್ ಹಿಡಿದವನು. ಅದನ್ನು ಅವಳು ಊಹಿಸದೆ ಇರುತ್ತಾಳೆಯೇ? ಹೋಗಲಿ, ಅವಮಾನವನ್ನು ನುಂಗಬಹುದು, ಈ ಗಲ್ಲಿಯಲ್ಲಿ ದಿನಾ ನುಂಗುವುದೇ. ನುಂಗಲಾಗದ್ದು ಬೇರೆ. ಈ ಕಡಲೆ ಮಾರುವವನು, ಎಲ್ಲ ಸಿಕ್ಕವನು, ಇನ್ನು ಒಳ್ಳೆಯತನವನ್ನೂ ತಾನೇ ಗೆದ್ದುಕೊಂಡು ಹೋಗುತ್ತಾನೆ. ಕೊನೆಯ ತನಕ ಬರಾತ್ ಅಲಿ ಆ ಹಳದಿ ಕೋಣೆಯಲ್ಲಿ ಸಖಿದಾದನ ದಯೆಯಲ್ಲಿ ಮಲಗಬೇಕು, ಸಖಿದಾದ್ ದುಡಿದು ಸೇರಿಸಿದ ದುಡ್ಡಿನಲ್ಲಿ ಬಿಸಿನೀರು ಹರಿಯಬೇಕು. ಹೇಳು, ಎಂದು ತನಗೆ ತಾನೇ ಹೇಳಿಕೊಂಡ. ನಿಲಾಬ್‌ಗಾಗಿ ಹೇಳು.

"ಈ ಕಂಬಳಿಯನ್ನು ಅವರ ಹೆಂಡತಿ ತನ್ನ ಕೈಯಾರೆ ನೇಯ್ದದ್ದು," ಎಂದ ಅವನು ಇಂಗ್ಲಿಷಿನಲ್ಲಿ. "ಅದನ್ನು ಬಿಟ್ಟು ಬರಬೇಕಲ್ಲ ಎಂದು ಇಬ್ಬರಿಗೂ ತುಂಬ ದುಃಖವಾಗಿದೆ. ಅನ್ನ ಇಳಿಯುತ್ತಿಲ್ಲವಂತೆ."

ಲೊರೇನ್ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅವಳ ಕಣ್ಣು ಒದ್ದೆಯಾಯಿತು. ಅಯ್ಯೋ ಪಾಪ, ಎಂದಳು, ಹೌದು ಹೌದು ಎಂದು ತಲೆಯಾಡಿಸಿದಳು, ದುಃಖಪಡಬೇಡಿ ಎಂದು ಅವರಿಗೆ ಹೇಳಿ, ನಾವೆಲ್ಲ ಸೇರಿ ಒಂದು ಹೊಸ ರತ್ನಗಂಬಳಿ ಕೊಂಡು ಹಾಸಿರುತ್ತೇವೆ, ಅವರು ಬಾಗಿಲು ತೆಗೆದಾಗ ನೆಲದ ಮೇಲಿರುತ್ತದೆ ಎಂದಳು. ಆಮೇಲೆ ಅವಳ ನೋಟ ಬರಾತ್ ಅಲಿಯ ಕಡೆ ಹೊರಳಿತು. "ನೀವು ಹೇಗಿದ್ದೀರಿ ಬರಾತ್? ನಿಮ್ಮನ್ನು ಆಗಾಗ ನೆನೆಸಿಕೊಳ್ಳುತ್ತೇವೆ. ನಮ್ಮಿಂದ ಏನಾದರೂ ಆಗಬೇಕಿದ್ದರೆ ಹೇಳಬೇಕು, ಸಂಕೋಚ ಬೇಡ."

ಅಷ್ಟು ದೂರದಿಂದ ಬಾಗಿಲು ಮತ್ತೊಮ್ಮೆ ತೆರೆದಿತ್ತು. "ನಾವು ಚೆನ್ನಾಗಿದ್ದೇವೆ, ಧನ್ಯವಾದ," ಎಂದ ಅವನು. ಈ ಊರಿನ ಎಷ್ಟೋ ಮಕ್ಕಳಿಗೆ ಅವನು ಕಲಿಸಿದ ಮೊದಲ ಪಾಠದ ಮೊದಲ ವಾಕ್ಯ ಅದು. ಫೋನ್ ಕಪ್ಪಾಯಿತು.

"ಒಪ್ಪಿದ್ರು!" ಸಖಿದಾದ್ ಎದ್ದು ನಿಂತೇಬಿಟ್ಟ. "ತಲೆ ಆಡಿಸಿದ್ರು, ನಾನೇ ನೋಡಿದೆ. ಅತ್ತುಬಿಟ್ರು, ಪುಣ್ಯಾತ್ಗಿತ್ತಿ! ಏನಂದ್ರು ಮೇಷ್ಟ್ರೇ? ಬೇಗ ಹೇಳಿ, ಜೀವ ಹೋಗ್ತಾ ಇದೆ."

ಬಾಗಿಲಲ್ಲಿ ಗುಲ್‌ಸುಮ್ ಹಿಟ್ಟಿನ ಕೈಯನ್ನು ಕುತ್ತಿಗೆಗೆ ಒತ್ತಿಕೊಂಡು ನಿಂತಿದ್ದಳು. ಅಂಥ ಮುಖವನ್ನು ಅವನು ಅವಳಲ್ಲಿ ನೋಡಿ ಎಷ್ಟೋ ಕಾಲವಾಗಿತ್ತು. ಮದುವೆಯ ಹೊಸದರಲ್ಲಿ, ಅವನು ಶಾಲೆಯಿಂದ ಬರುವುದನ್ನು ದೂರದಿಂದ ಕಂಡಾಗ ಆ ಮುಖವಿರುತ್ತಿತ್ತು.

"ಮಿಕ್ಕವರ ಹತ್ರ ಮಾತಾಡ್ತಾರಂತೆ," ಎಂದ. "ನೋಡಿ ಫೋನ್ ಮಾಡ್ತೀವಿ ಅಂದ್ರು."

ಸಖಿದಾದ್ ಅವನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತ. ಅವನ ಮೈಯಿಂದ ಕಡಲೆಯ, ಹುಳಿಯ, ಇಸ್ಪಂದದ ಹೊಗೆಯ ವಾಸನೆ ಬರುತ್ತಿತ್ತು. ಬರಾತ್ ಅಲಿಯ ಕೈಗಳು ಎರಡೂ ಪಕ್ಕದಲ್ಲಿ ಇಳಿಬಿದ್ದಿದ್ದವು, ಆಮೇಲೆ ತಾವಾಗಿಯೇ ಎದ್ದು ಆ ಬೆನ್ನನ್ನು ತಟ್ಟಿದವು. ನಿಜ ಈಗಲೂ ಹೇಳಬಹುದು ಅನ್ನಿಸಿತು. ಆದರೆ ಈ ಬೆನ್ನು ತಟ್ಟಿದ ಮೇಲೆ ಹೇಗೆ ಹೇಳುವುದು? ಅಷ್ಟರಲ್ಲಿ ಸಕೀನಾ ಕಂಬಳಿಯನ್ನು ಸುತ್ತತೊಡಗಿದ್ದಳು.

"ತಗೊಂಡ್ ಹೋಗಿ ಅಣ್ಣಾ. ನಾವು ವಿಮಾನದಲ್ಲಿ ಹೊತ್ಕೊಂಡ್ ಹೋಗೋಕೆ ಆಗಲ್ಲ. ಅವತ್ತೇ ನಿಮ್ಮನೇಲಿ ಬಿಟ್ಟಿದ್ರೆ ಚೆನ್ನಾಗಿತ್ತು, ನಾನು ಪಾಪಿ ಮಾರನೇ ದಿನ ಕೇಳಿ ಇಸ್ಕೊಂಡೆ."

ಅವನು ಬೇಡವೆಂದ. ಅವರು ಬಿಡಲಿಲ್ಲ. ಹೆಗಲ ಮೇಲೆ ಕಂಬಳಿ ಹೊತ್ತು ಅವನು ಗಲ್ಲಿಯಲ್ಲಿ ನಾಲ್ಕು ಹೆಜ್ಜೆ ನಡೆದು ತನ್ನ ಬಾಗಿಲಿಗೆ ಬಂದ. ಎದುರು ಮನೆಯ ಮುದುಕ ಬಿಸಿಲಿಗೆ ಕೂತಿದ್ದವನು, "ಏನ್ ಮೇಷ್ಟ್ರೇ, ಅವರು ಹೋಗೋಕೆ ಮುಂಚೆನೇ ಬಾಚ್ಕೊಂಡ್ರಾ?" ಎಂದು ಬೊಚ್ಚುಬಾಯಲ್ಲಿ ನಕ್ಕ. ಕಂಬಳಿ ಭಾರವಾಗಿತ್ತು.

ಒಳಗೆ ಬಂದವನೇ ಅದನ್ನು ಕೆಳಗೆ ಹಾಕಿ, ಹಗ್ಗ ಬಿಚ್ಚಿ, ಒಂದು ಮಗ್ಗುಲು ಹರಡಿದ. ಚಿಲ್ತಾನ್ ಕಡೆಯ ಗಾಳಿಗೆ ನೆಲ ಕೊರೆಯುತ್ತಿತ್ತು, ನಿಲಾಬ್ ಇನ್ನೂ ಕಂಬಳಿ ಪೂರ್ತಿ ಬಿಚ್ಚುವ ಮೊದಲೇ ಅದರ ಮೇಲೆ ಉರುಳಿ ಕೆನ್ನೆಯೊತ್ತಿದಳು. ಕನಿಷ್ಠ ಇದಾದರೂ, ಎಂದುಕೊಂಡ ಅವನು. ಹಿಂದಿನಿಂದ ಬಂದ ಗುಲ್‌ಸುಮ್ ಕೈತೊಳೆಯುವ ಮೊದಲೇ ಮಗಳನ್ನು ಎಬ್ಬಿಸಿದಳು.

"ಏಳೇ, ಏಳು. ಇದನ್ನ ಹಾಸಬಾರ್ದು."

"ಯಾಕೆ? ಚಳಿ ಇದೆ, ಮಗು ಮಲಗ್ಲಿ ಬಿಡು."

"ಸಾಕು ನಿಮ್ಮ ಮರ್ಯಾದೆ. ಹೋದ ಸಲ ನಿಮ್ಮ ಮಾತು ಕೇಳೇ ಹಾಳಾದ್ವಿ. ಅವರು ಯಾವಾಗ ಫೋನ್ ಮಾಡ್ತಾರೋ, ಇವತ್ತೋ ನಾಳೆಯೋ. ಆ ಹೊತ್ತಿಗೆ ಇದು ನೆಲದ ಮೇಲಿದ್ರೆ?" ಅವಳು ಕಂಬಳಿಯನ್ನು ಮೊದಲಿಗಿಂತ ಬಿಗಿಯಾಗಿ ಸುತ್ತಿ, ಬಾಗಿಲ ಹಿಂದೆ ನಿಲ್ಲಿಸಿ, ಮೇಲೊಂದು ಹಳೆಯ ಬಟ್ಟೆ ಹೊದಿಸಿದಳು. ಕಿಟಕಿಯ ಪರದೆ ಬಿಚ್ಚಿದಳು. ಹರಿದ ಪ್ಲಾಸ್ಟಿಕ್ ಚಾಪೆಯನ್ನು ಕೂಡ ಎಳೆದು ಮಡಿಚಿಟ್ಟಳು. ಎಷ್ಟು ಚುರುಕಾಗಿದ್ದಳೆಂದರೆ, ಹಬ್ಬಕ್ಕೆ ಮನೆ ಸಾರಿಸುವ ಹಾಗೆ. "ಗುಲ್‌ಸುಮ್," ಎಂದ ಅವನು. "ನೋಡು, ಕೇಳಿಲ್ಲಿ." ಅವಳು ತಿರುಗಿದಳು, ಆಗ ಪಕ್ಕದ ಮನೆಯ ಬಾಗಿಲಲ್ಲಿ ಕಂಡ ಅದೇ ಮುಖ.

"ಹೇಳಿ?"

"ಫೋನಿಗೆ ಚಾರ್ಜ್ ಹಾಕು," ಎಂದ.

"ಆಗ್ಲೇ ಹಾಕಿದೀನಿ. ಬನ್ನಿ ಇಲ್ಲಿ, ಗೋಡೆ ಹತ್ರ ಕೂತ್ಕೊಳ್ಳಿ. ನಿಲಾಬ್, ಕಾಲುಚೀಲ ತೆಗೆದು ಅಪ್ಪನ ಪಕ್ಕ ಕೂತ್ಕೋ. ಹೇಗೆ ಕಾಣತ್ತೆ ನೋಡ್ತೀನಿ."

ಅವನು ಬರೀ ಸಿಮೆಂಟಿನ ಮೇಲೆ ಕೂತ. ಚಳಿ ಬೆನ್ನುಹುರಿಯ ತನಕ ಹತ್ತಿತು. ಮಗಳು ತನ್ನ ಬರಿಗಾಲನ್ನು ಅವನ ತೊಡೆಯ ಕೆಳಗೆ ತೂರಿಸಿಕೊಂಡಳು. ಗುಲ್‌ಸುಮ್ ಬಾಗಿಲ ತನಕ ಹಿಂದೆ ಸರಿದು, ಫೋನನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಅವರಿಬ್ಬರನ್ನೂ ನೋಡಿದಳು. ಇನ್ನೂ ಸ್ವಲ್ಪ ಹಿಂದೆ ಸರಿದಳು, ಗೋಡೆಯ ಬಿರುಕು ಕೂಡ ಕಾಣಲಿ ಎಂದು.

"ಹಾಗೆ ಎದೆ ಸೆಟೆಸ್ಬೇಡಿ. ತಲೆ ಸ್ವಲ್ಪ ತಗ್ಗಿಸಿ. ಇನ್ನೂ ಸ್ವಲ್ಪ. ಹಾಂ, ಹಾಗೇ ಇರಿ," ಎಂದಳು. "ಈಗ ನೋಡಿದ್ರೆ ಯಾರಾದ್ರೂ ಕರೆಸ್ಕೊಳ್ತಾರೆ."

ಗೋಡೆಯಾಚೆ ಸಖಿದಾದ್ ಮತ್ತೆ ನಕ್ಕ. ಗುಲ್‌ಸುಮ್‌ಳೂ ನಕ್ಕಳು, ಫೋನನ್ನು ಸಿಗ್ನಲ್ ಚೆನ್ನಾಗಿ ಸಿಗುವ ಕಿಟಕಿಯ ಕಟ್ಟೆಯ ಮೇಲಿಟ್ಟು, ಅವನ ಇನ್ನೊಂದು ಪಕ್ಕದಲ್ಲಿ ಬಂದು ಕೂತಳು.